ಅಣ್ಣನ ಮೆದುಳಿನಾಗ ಮೂರು ಉಂಗುರ: ಸೋಂಕೋ, ಗಡ್ಡಿಯೋ, ಸ್ಕ್ಯಾನ್ ನೋಡಿ ಹೇಳಾಕ ಬರತದೇನು?

ತಂಗಿ_ಹಾವೇರಿ ಕಡೆ

ಎಲ್ಲಾರಿಗೂ ನಮಸ್ಕಾರ. ಹೆಸರು ಹಾಕಂಗಿಲ್ಲ, ಓದಿದ ಮ್ಯಾಲ ಯಾಕಂತ ನಿಮಗ ತಿಳೀತದ.

ನಮ್ಮಣ್ಣಗ 44. ಲಗ್ನಪತ್ರಿಕಾ ಪ್ರಿಂಟ್ ಮಾಡೋ ಸಣ್ಣ ಅಂಗಡಿ ಅದ. ಹತ್ತು ದಿನದ ಹಿಂದ ಬಣ್ಣದ ಡಬ್ಬಿ ಬಲಗೈಯಿಂದ ಜಾರಿ ಬಿತ್ತು. ಕೈಗೆ ಎಣ್ಣಿ ಹತ್ತಿತ್ತು ಅಂದ. ಮರುದಿನ ಊಟಕ್ಕ ಕುಂತಾಗ ಜ್ವಾಳದ ರೊಟ್ಟಿ ಮುರಿಯಾಕ ಬರಲಿಲ್ಲ. ಎಡಗೈಲೆ ಮುರದು, ನಾ ನೋಡಿದ್ನಿ ಅಂತ ಗೊತ್ತಾಗಿ ನಕ್ಕ. ನಾಕನೇ ದಿನ ಫಿಟ್ಸ್ ಬಂತು.

ಎಚ್‌ಐವಿ ಅದ ಅಂತ 2011ರಾಗ ಗೊತ್ತಾಗಿತ್ತು. ಎಚ್‌ಐವಿ ಹತೋಟ್ಯಾಗ ಇಡೋ ಎಆರ್‌ಟಿ ಗುಳಿಗಿ ತಪ್ಪದ ತೊಗೋತಿದ್ದ. ಅತ್ತಿಗಿ ತೀರಿಕೊಂಡ ಮ್ಯಾಲ ಬಿಟ್ಟಾನ. ಹದಿನಾಕು ತಿಂಗಳಾತಂತ, ನಮಗ ಒಬ್ಬರಿಗೂ ಹೇಳಿರಲಿಲ್ಲ. ಈಗ ಸಿಡಿ4, ಅಂದ್ರ ರೋಗ ತಡಿಯೋ ರಕ್ತಕಣದ ಎಣಿಕಿ, 62ಕ್ಕ ಇಳದದ. 2016ರಾಗ ಪುಪ್ಪುಸದ ಟಿಬಿ ಆಗಿ ಆರು ತಿಂಗಳ ಕೋರ್ಸ್ ಮುಗಿಸಿದ್ದ.

ಎಂಆರ್‌ಐ ಮಾಡಿಸಿವಿ. ಎಡಗಡೆ ಬೇಸಲ್ ಗ್ಯಾಂಗ್ಲಿಯಾ ಅನ್ನೋ ಮೆದುಳಿನ ಆಳದ ಭಾಗದಾಗ ಒಂದು, 21 ಮಿ.ಮೀ. ಎಡ ಫ್ರಾಂಟಲ್‌ನಾಗ (ಮುಂದಿನ ಭಾಗ) ಒಂದು, ಬಲ ಪರೈಟಲ್‌ನಾಗ (ಮ್ಯಾಲಿನ ಹಿಂಭಾಗ) ಸಣ್ಣದೊಂದು. ಮೂರೂ ಕಾಂಟ್ರಾಸ್ಟ್, ಅಂದ್ರ ಚಿತ್ರ ಎದ್ದು ಕಾಣೋ ಔಷಧ, ಕೊಟ್ಟಾಗ ಉಂಗುರದಂಗ ಬೆಳಗತಾವ, ಸುತ್ತ ಬಾವು ಅದ. ಕೆಳಗ ಬರದಾರ: ಟಾಕ್ಸೊಪ್ಲಾಸ್ಮೋಸಿಸ್, ಇಲ್ಲಾ ಟ್ಯುಬರ್‌ಕ್ಯುಲೋಮಾ, ಇಲ್ಲಾ ಲಿಂಫೋಮಾ. ಅಂದ್ರ ಒಂದು ಕಣ್ಣಿಗೆ ಕಾಣದ ಪರೋಪಜೀವಿ, ಒಂದು ಟಿಬಿ, ಒಂದು ಕ್ಯಾನ್ಸರ್. ಮೂರೂ ಬರದು ಸಹಿ ಹಾಕಿದ ಮ್ಯಾಲ ಅದನ್ನ ರಿಪೋರ್ಟ್ ಅಂತ ಯಾಕ ಅನಬೇಕು?

ಒಬ್ಬ ಡಾಕ್ಟರು ಎರಡು ವಾರ ಗುಳಿಗಿ ಕೊಟ್ಟು ನೋಡೂಣು ಅಂತಾರ. ಇನ್ನೊಬ್ಬರು ಬೆಂಗಳೂರಿಗೆ ಒಯ್ರಿ, ತಲಿಗೆ ತೂತು ಹಾಕಿ ಚೂರು ತಗಿಬೇಕು ಅಂತಾರ. ಮೂರನೇದವರು ಪೆಟ್ ಸ್ಕ್ಯಾನ್ ಮಾಡಸ್ರಿ, ಒಂದ ಏಟಿಗೆ ಗೊತ್ತಾಗತದ ಅಂತಾರ. ನಮ್ಮ ರೊಕ್ಕ ಒಂದಕ್ಕ ಸಾಲತದ, ಮೂರಕ್ಕಲ್ಲ. ಚಿತ್ರ ನೋಡಿ ಸೋಂಕೋ ಗಡ್ಡಿಯೋ ಹೇಳಾಕ ಖರೇನ ಬರತದೇನು?

ಇನ್ನೊಂದು. ಮನ್ಯಾಗ ಬೆಕ್ಕದ. ಬಾಜೂಮನಿಯವರು ಬೆಕ್ಕಿನಿಂದನ ಆಗೇದ, ಹೊಲಕ್ಕ ಬಿಟ್ಟು ಬರ್ರಿ ಅಂತಾರ.

ಸುಮ್ನೆ_ಓದೋನು

ಹೆದರ್ಬೇಡಿ ಅಕ್ಕ. ನನ್ನ ರೂಮ್‌ಮೇಟ್‌ಗೂ ಇದೇ ಆಗಿತ್ತು, ಎರಡು ಉಂಗುರ. ಸೆಪ್ಟ್ರಾನ್ ಅನ್ನೋ ಸೋಂಕಿನ ಗುಳಿಗೆ ದೊಡ್ಡ ಡೋಸ್ ಕೊಟ್ರು. ಎಂಟನೇ ದಿನ ಅವನೇ ಶೇವ್ ಮಾಡ್ಕೊಂಡ. ತಲೆ ಕೊರೆಸೋಕೆ ಮುಂಚೆ ಗುಳಿಗೆ ನೋಡಿ.

ಕತ್ತಲಕೋಣೆ

ನಾನು ಡಾಕ್ಟರ್ ಅಲ್ಲ. ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್, ಇಪ್ಪತ್ತಮೂರು ವರ್ಷ ಆಯ್ತು. ಸೂಜಿ ಹಾಕಿ, ಮಲಗಿಸಿ, ಯಂತ್ರ ಓಡಿಸುವವನು. ಯಾವ ಗುಳಿಗೆ, ಎಷ್ಟು ಅಂತ ನನ್ನನ್ನು ಕೇಳಬೇಡಿ. ಚಿತ್ರ ಏನು ಹೇಳುತ್ತೆ, ಎಲ್ಲಿಗೆ ಬಾಯಿ ಮುಚ್ಚುತ್ತೆ ಅನ್ನೋದಷ್ಟೇ ನನ್ನ ಜಮೀನು.

ಆ "ಒಂದೇ ಏಟಿಗೆ" ಅನ್ನೋ ಮಾತಿನಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಆ ಏಟು ಕೊಡೋನು ನಾನೇ.

ಪೆಟ್‌ಗೆ ನಾವು ಹಾಕೋದು ಎಫ್‌ಡಿಜಿ, ಅಂದ್ರೆ ಫ್ಲೋರಿನ್-18 ಅಂಟಿಸಿದ ಸಕ್ಕರೆ. 110 ನಿಮಿಷಕ್ಕೆ ಅದರ ಶಕ್ತಿ ಅರ್ಧ ಆಗುತ್ತೆ, ಹಾಗಾಗಿ ರೋಗಿ ತಡವಾಗಿ ಬಂದರೆ ಔಷಧ ನಮಗಾಗಿ ಕಾಯೋದಿಲ್ಲ. ಆರು ಗಂಟೆ ಉಪವಾಸ ಇರಬೇಕು. ಸೂಜಿ ಆದ ಮೇಲೆ ದೀಪ ಆರಿಸಿದ ಕೋಣೆಯಲ್ಲಿ ಸುಮಾರು ಮುಕ್ಕಾಲು ಗಂಟೆ ಸುಮ್ಮನೆ ಮಲಗಬೇಕು. ಮಾತಾಡಂಗಿಲ್ಲ, ಫೋನ್ ನೋಡಂಗಿಲ್ಲ. ನೋಡಿದರೆ ನೋಡುವ ಭಾಗದ ಮೆದುಳು ಹೆಚ್ಚು ಸಕ್ಕರೆ ತಿಂದು ಚಿತ್ರದಲ್ಲಿ ಹೊಳೆಯುತ್ತೆ. ಲಿಂಫೋಮಾ ಕಣಗಳು ಹೊಟ್ಟೆಬಾಕರು, ಸಕ್ಕರೆ ಕಂಡಲ್ಲಿ ಮುಗಿಬೀಳ್ತವೆ, ಬೆಳಗ್ತವೆ. ಟಾಕ್ಸೊ ಗಾಯದ ನಡುವೆ ಸತ್ತ ಮಾಂಸ, ಅದಕ್ಕೆ ಹಸಿವಿಲ್ಲ, ಕಪ್ಪಾಗಿ ಉಳಿಯುತ್ತೆ. ಪುಸ್ತಕದ ಪ್ರಕಾರ ಇಷ್ಟೇ ಕಥೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಪೆಟ್ ಇರಲಿಲ್ಲ, ಥ್ಯಾಲಿಯಂ-201 ಸ್ಪೆಕ್ಟ್ ಅನ್ನೋ ಹಳೇ ಬಗೆಯ ಸ್ಕ್ಯಾನ್ ಇತ್ತು. ಥ್ಯಾಲಿಯಂ ಪೊಟ್ಯಾಸಿಯಂ ವೇಷ ಹಾಕಿಕೊಂಡು ಜೀವಂತ ಕಣದೊಳಗೆ ನುಗ್ಗುತ್ತೆ. ಗಡ್ಡೆಯಾದರೆ ಒಳಗೇ ಕೂರುತ್ತೆ, ಟಾಕ್ಸೊ ಆದರೆ ನಿಲ್ಲೋದಿಲ್ಲ. ಸೂಜಿ ಆಗಿ ಹತ್ತು ಹದಿನೈದು ನಿಮಿಷಕ್ಕೆ ಒಂದು ಚಿತ್ರ, ಮೂರು ಗಂಟೆ ಬಿಟ್ಟು ಇನ್ನೊಂದು. ಆ ಮೂರು ಗಂಟೆ ಮನೆಯವರು ಕಾರಿಡಾರ್ ಬೆಂಚಿನ ಮೇಲೆ ಕೂತು ನನ್ನ ಮುಖವನ್ನೇ ನೋಡೋರು. ಎರಡು ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ಆ ಕ್ಯಾಮರಾ ಕಣ್ಣಿಗೆ ತಪ್ಪಿಸಿಕೊಳ್ಳಬಹುದು. ನಿಮ್ಮಣ್ಣನ ಬಲ ಪರೈಟಲ್‌ನದು ಅಂಥದ್ದೇ ಇರಬೇಕು.

ಈಗ ಮುಖ್ಯ ವಿಷಯ. ಈ ವಿದ್ಯೆಯೆಲ್ಲ ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಹುಟ್ಟಿದ್ದು. ಅಲ್ಲಿ ಏಡ್ಸ್ ರೋಗಿಯ ಮೆದುಳಲ್ಲಿ ಉಂಗುರ ಕಂಡರೆ ಮನಸ್ಸಿಗೆ ಬರ್ತಿದ್ದದ್ದು ಮುಖ್ಯವಾಗಿ ಎರಡು: ಟಾಕ್ಸೊ ಅಥವಾ ಲಿಂಫೋಮಾ. ಎರಡೇ ಬಾಗಿಲಿರುವ ಮನೆಯಲ್ಲಿ ಒಂದು ಬಾಗಿಲು ಮುಚ್ಚಿದೆ ಅಂದರೆ ಇನ್ನೊಂದರಲ್ಲಿ ಹೋಗಿ ಅನ್ನೋದು ಸುಲಭ. ನಮ್ಮ ಮನೆಗೆ ಮೂರನೇ ಬಾಗಿಲಿದೆ, ಟಿಬಿ. ಟಿಬಿ ಗಂಟಿನ ಗೋಡೆಯಲ್ಲಿ ಹೋರಾಡುವ ಕಣಗಳು ತುಂಬಿರ್ತವೆ, ಅವೂ ಸಕ್ಕರೆ ಕಬಳಿಸ್ತವೆ.

ನಾನೇ ಮಲಗಿಸಿದ ಒಬ್ಬ ಹುಡುಗ, ಇಪ್ಪತ್ತೊಂಬತ್ತು ವಯಸ್ಸು. ಮಾನಿಟರ್‌ನಲ್ಲಿ ಗಂಟು ಊದಿದ ಕೆಂಡದ ಹಾಗೆ ಹೊಳೀತಿತ್ತು. ಕೋಣೆಯಲ್ಲಿದ್ದ ನಾಲ್ಕೂ ಜನ ಲಿಂಫೋಮಾ ಅಂದ್ವಿ. ನಾನೂ ಅಂದೆ, ಬಾಯಿಬಿಟ್ಟೇ ಅಂದೆ. ಚೂರು ತೆಗೆದು ನೋಡಿದ ಬಯಾಪ್ಸಿಯಲ್ಲಿ ಬಂದದ್ದು ಟಿಬಿ. ಅವತ್ತಿಂದ ನಾನು ಮಾನಿಟರ್ ಮುಂದೆ ಬಾಯಿ ಬಿಡೋದು ಬಿಟ್ಟಿದ್ದೇನೆ. ನಿಮ್ಮಣ್ಣನಿಗೆ ಟಿಬಿ ಆಗಿ ಹೋಗಿದೆ ಅಂತ ನೀವೇ ಬರೆದಿದ್ದೀರಿ. ಪೆಟ್‌ನಲ್ಲಿ ಕಪ್ಪಾಗಿ ಕಂಡರೆ ಲಿಂಫೋಮಾ ಸಂಶಯ ಬಹಳ ಕಡಿಮೆ ಆಗುತ್ತೆ, ಅದು ದೊಡ್ಡ ಲಾಭವೇ. ಹೊಳೆದರೆ ಎಲ್ಲಿದ್ದಿರೋ ಅಲ್ಲಿಗೇ ಬಂದು ನಿಲ್ತೀರಿ, ಜೇಬು ಖಾಲಿ ಮಾಡಿಕೊಂಡು. ಮೆದುಳಿನ ಹೊರಪದರ ತಾನೇ ಜೋರಾಗಿ ಸಕ್ಕರೆ ತಿನ್ನುವಂಥದ್ದು, ಅದರ ಪಕ್ಕ ಕೂತ ಸಣ್ಣ ಗಂಟನ್ನು ಹುಡುಕೋದು ದೀಪಾವಳಿ ರಾತ್ರಿ ಒಂದು ಹಣತೆ ಹುಡುಕಿದ ಹಾಗೆ. ಸೂಜಿ ಹಾಕಿದ ಹೊತ್ತಲ್ಲೇ ಫಿಟ್ಸ್ ಬಂದರೆ ಆ ಜಾಗವೂ ಬೆಳಗುತ್ತೆ.

ಅದಕ್ಕಿಂತ ಮುಂಚೆ, ನಿಮ್ಮ ಕೈಯಲ್ಲಿರೋ ಎಂಆರ್‌ಐ ಸಿಡಿಯನ್ನೇ ಇನ್ನೊಮ್ಮೆ ಒಬ್ಬ ನ್ಯೂರೋ ರೇಡಿಯಾಲಜಿಸ್ಟ್‌ಗೆ ತೋರಿಸಿ. ಬೇಸಲ್ ಗ್ಯಾಂಗ್ಲಿಯಾ, ಬೂದು ಬಿಳಿ ಮೆದುಳು ಸೇರುವ ಅಂಚು, ಇವು ಟಾಕ್ಸೊಗೆ ಇಷ್ಟದ ಜಾಗ. ಅಲ್ಲೇ ಇದ್ದಮಾತ್ರಕ್ಕೆ ಟಾಕ್ಸೊನೇ ಅಂತಲ್ಲ. ಲಿಂಫೋಮಾ ಸಾಮಾನ್ಯವಾಗಿ ಮೆದುಳುನೀರಿನ ಕುಹರಗಳ ಗೋಡೆಗೆ ಅಂಟಿಕೊಂಡು ಹರಡುತ್ತೆ, ಎರಡು ಭಾಗ ಸೇರಿಸುವ ಕಾರ್ಪಸ್ ಕ್ಯಾಲೋಸಮ್ ದಾಟುತ್ತೆ, ಒಂದೇ ದೊಡ್ಡದಾಗಿ ಇರೋದೂ ಉಂಟು. ಉಂಗುರದ ಒಳಗೋಡೆಗೆ ಮೂಗುತಿ ಹರಳಿನ ಹಾಗೆ ಒಂದು ಚುಕ್ಕೆ ಅಂಟಿದ್ದರೆ ಟಾಕ್ಸೊ ಕಡೆಗೆ ಒಳ್ಳೇ ಸಾಕ್ಷಿ, ಆದರೆ ಬಹಳ ಜನರಲ್ಲಿ ಅದು ಕಾಣೋದೇ ಇಲ್ಲ. ಎಂಆರ್‌ಐನ ಟಿ2 ಅನ್ನೋ ಬಗೆಯ ಚಿತ್ರದಲ್ಲಿ ಉಂಗುರದ ನಡುಭಾಗ ಕಪ್ಪಗಿದ್ದರೆ ಟಿಬಿ ನೆನಪಾಗಬೇಕು.

ಗೊಂದಲ ಯಾಕೆ ಅಂತ ಕೇಳಿದ್ರಲ್ಲ. ರೋಗನಿರೋಧಕ ಶಕ್ತಿ ಸರಿ ಇರುವವರಲ್ಲಿ ಲಿಂಫೋಮಾ ಸಾಮಾನ್ಯವಾಗಿ ಗಟ್ಟಿ ಉಂಡೆಯಾಗಿ ಪೂರ್ತಿ ಬೆಳಗುತ್ತೆ. ಎಚ್‌ಐವಿ ಇದ್ದಾಗ ಅದರ ಹೊಟ್ಟೆ ಕೊಳೆತು ಅದೂ ಉಂಗುರ ಆಗುತ್ತೆ. ಕಳ್ಳನೂ ಪೊಲೀಸನೂ ಒಂದೇ ಅಂಗಿ ಹಾಕಿದರೆ ರಿಪೋರ್ಟ್ ಬರೆಯೋರು ಇಬ್ಬರ ಹೆಸರೂ ಬರೀಲೇಬೇಕು. ಆ ಸಹಿ ಮೇಲೆ ಕೋಪ ಬೇಡ, ಅದು ಪ್ರಾಮಾಣಿಕ ಸಹಿ.

ಹಾಗಾದರೆ ಒಳ್ಳೇ ಸ್ಕ್ಯಾನ್ ಯಾವುದು? ನನ್ನನ್ನು ಕೇಳಿದರೆ ಎರಡನೆಯದು. ಟಾಕ್ಸೊ ಔಷಧ ಕೊಟ್ಟು ಹತ್ತು ಹದಿನಾಲ್ಕು ದಿನಕ್ಕೆ ಮತ್ತೆ ತೆಗೆಯೋ ಎಂಆರ್‌ಐ. ಟಾಕ್ಸೊ ಆಗಿದ್ದರೆ ಹೆಚ್ಚಿನವರಲ್ಲಿ ಅಷ್ಟರೊಳಗೆ ಕೈಕಾಲಿಗೆ ಬಲ ಬರುತ್ತೆ, ಉಂಗುರ ಚಿಕ್ಕದಾಗುತ್ತೆ. ಆಗಲಿಲ್ಲ ಅಂದರೆ, ಅಥವಾ ಅಷ್ಟರೊಳಗೇ ಕೆಟ್ಟರೆ, ಆಗ ಬಯಾಪ್ಸಿ ಅಂದೋರು ಸರಿ. ನಿಮ್ಮ ಮೊದಲ ಡಾಕ್ಟರೂ ಎರಡನೆಯವರೂ ಜಗಳದಲ್ಲಿಲ್ಲ, ಒಬ್ಬರು ಮೊದಲ ಮೆಟ್ಟಿಲು ಹೇಳ್ತಿದ್ದಾರೆ, ಇನ್ನೊಬ್ಬರು ಎರಡನೆಯದು.

ಮೂರು ಪ್ರಶ್ನೆಗೆ ಉತ್ತರ ಬೇಕು. ಟಾಕ್ಸೊ ಐಜಿಜಿ ರಕ್ತಪರೀಕ್ಷೆ (ಆ ಪರೋಪಜೀವಿ ಹಿಂದೆ ಯಾವತ್ತಾದರೂ ಮೈಗೆ ಸೇರಿತ್ತಾ ಅಂತ ಹೇಳೋದು) ಏನು ಬಂತು? ಇಷ್ಟು ದಿನ ಸೋಂಕು ಬರದ ಹಾಗೆ ದಿನಕ್ಕೊಂದು ಸೆಪ್ಟ್ರಾನ್ ತಗೋತಿದ್ರಾ, ಅದನ್ನೂ ಬಿಟ್ಟಿದ್ರಾ? ಮೆದುಳಿನ ಬಾವು ಇಳಿಸೋಕೆ ಡೆಕ್ಸಾ, ಅಂದ್ರೆ ಸ್ಟೆರಾಯ್ಡ್, ಇಂಜೆಕ್ಷನ್ ಕೊಡ್ತಿದ್ದಾರಾ?

ಬೆಕ್ಕು ಇರಲಿ. ಸಿಡಿ4 ಬಿದ್ದಾಗ ಏಳೋದು ಬಹುಮಟ್ಟಿಗೆ ವರ್ಷಗಳ ಹಿಂದೆ ಒಳಗೆ ಸೇರಿ ಮಲಗಿದ್ದ ಪರೋಪಜೀವಿ. ಅರೆಬೆಂದ ಮಾಂಸದಿಂದಲೂ ಬರುತ್ತೆ. ಬೆಕ್ಕಿನ ಕಕ್ಕಸು ಅಣ್ಣ ಎತ್ತೋದು ಬೇಡ, ಅಷ್ಟೇ.

ತಂಗಿ_ಹಾವೇರಿ ಕಡೆ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ರಿ. ಐಜಿಜಿ ಇವತ್ತ ಬಂತು, ಪಾಸಿಟಿವ್. ಸೆಪ್ಟ್ರಾನ್‌ನೂ ಬಿಟ್ಟಿದ್ದ, ಡಬ್ಬಿ ಹಂಗ ಅದ, ಅಂಗಡಿ ಕಪಾಟಿನಾಗ ಲಗ್ನಪತ್ರಿಕಾ ಸ್ಯಾಂಪಲ್ ಹಿಂದ ಇಟ್ಟಿದ್ದ. ಟಾಕ್ಸೊ ಗುಳಿಗಿ ಶುರು ಮಾಡ್ಯಾರ, ಡೆಕ್ಸಾ ನಿನ್ನೆ ಸಂಜಿಯಿಂದ ನಡದದ. ಇವತ್ತು ಮುಂಜಾನೆ ಕೈ ಬೆರಳು ಸ್ವಲ್ಪ ಆಡಿಸ್ಯಾನ! ಗುಳಿಗಿ ಕೆಲಸ ಮಾಡಾಕ ಹತ್ಯಾವ ಅಂತ ಎಲ್ಲಾರೂ ಖುಷಿ ಆಗೀವಿ.

ಕತ್ತಲಕೋಣೆ

ಖುಷಿಗೆ ನೀರೆರಚೋಕೆ ಬೇಜಾರು. ಆದರೆ ಒಂದೇ ರಾತ್ರಿಯಲ್ಲಿ ಬೆರಳು ಆಡಿದ್ದು ಹೆಚ್ಚಾಗಿ ಡೆಕ್ಸಾ ಕೆಲಸ. ಬಾವು ಇಳಿದರೆ ಯಾವ ಗಾಯವಾದರೂ ಒಂದಿಷ್ಟು ಹಗುರಾಗುತ್ತೆ. ಇನ್ನೊಂದು ತೊಡಕಿದೆ: ಸ್ಟೆರಾಯ್ಡ್ ಕೊಟ್ಟರೆ ಲಿಂಫೋಮಾನೂ ಬೆಣ್ಣೆ ಹಾಗೆ ಕರಗುತ್ತೆ, ಸ್ವಲ್ಪ ಕಾಲ. ಎರಡು ವಾರದ ಸ್ಕ್ಯಾನ್‌ನಲ್ಲಿ ಚಿಕ್ಕದಾಗಿ ಕಂಡು, ಟಾಕ್ಸೊ ಅಂತ ಮನೆಗೆ ಕಳಿಸಿ, ತಿಂಗಳೊಳಗೆ ವಾಪಸ್ ಬಂದ ರೋಗಿಯನ್ನು ನಾನು ನೋಡಿದ್ದೇನೆ. ಬಯಾಪ್ಸಿ ಮಾಡಿದರೂ ಕರಗಿದ ಮೇಲೆ ಚೂರಿನಲ್ಲಿ ಏನೂ ಸಿಗದೇ ಹೋಗಬಹುದು. ಸಾಲದ್ದಕ್ಕೆ ಡೆಕ್ಸಾ ರಕ್ತದ ಸಕ್ಕರೆ ಏರಿಸಿ ಪೆಟ್ ಚಿತ್ರವನ್ನೂ ಮಂಕು ಮಾಡುತ್ತೆ.

ಮೆದುಳು ಒಂದು ಪಕ್ಕಕ್ಕೆ ಸರಿದಿದ್ದರೆ, ಬಾವು ಜೋರಾಗಿದ್ದರೆ, ಡೆಕ್ಸಾ ಕೊಡಲೇಬೇಕು, ಅದು ಜೀವದ ಪ್ರಶ್ನೆ. ನೀವಾಗಿ ನಿಲ್ಲಿಸಬೇಡಿ. "ಇದು ಎಷ್ಟು ದಿನ ಬೇಕು, ಬೇಗ ಇಳಿಸೋಕಾಗುತ್ತಾ" ಅಂತ ರೌಂಡ್ಸ್‌ನಲ್ಲಿ ಕೇಳಿ, ಸಾಕು.

ಐಜಿಜಿ ಪಾಸಿಟಿವ್, ಸೆಪ್ಟ್ರಾನ್ ಬಿಟ್ಟಿದ್ದು, ಸಿಡಿ4 ನೂರರ ಕೆಳಗೆ, ಒಂದಕ್ಕಿಂತ ಹೆಚ್ಚು ಉಂಗುರ. ನಾಲ್ಕೂ ಟಾಕ್ಸೊ ಕಡೆಗೇ ವಾಲ್ತವೆ. ಇಷ್ಟಿದ್ದಾಗ ನಾನಾಗಿದ್ದರೆ ಇವತ್ತು ಪೆಟ್‌ಗೆ ದುಡ್ಡು ಹಾಕ್ತಿರಲಿಲ್ಲ. ನನ್ನ ಡಿಪಾರ್ಟ್‌ಮೆಂಟಿನವರು ಇದನ್ನು ಓದದಿರಲಿ.

ನ್ಯೂರೋ_ಪಿಜಿ

ಕತ್ತಲಕೋಣೆ ಸರ್ ಬರೆದಿದ್ದರಲ್ಲಿ ಬಹುಪಾಲು ಒಪ್ತೀನಿ, ಆದರೆ ಪೆಟ್ ಬಗ್ಗೆ ಸ್ವಲ್ಪ ಜಾಸ್ತಿನೇ ಮುನಿಸು ಅನ್ನಿಸ್ತು. ಇದೇ ರೋಗಿಗೆ ಒಂದೇ ಗಾಯ ಇದ್ದು, ಐಜಿಜಿ ನೆಗೆಟಿವ್ ಇದ್ದು, ಸೆಪ್ಟ್ರಾನ್ ತಪ್ಪದೆ ತಗೊಂಡಿದ್ದರೆ? ಆಗ ಎರಡು ವಾರ ಕಾಯೋದೇ ತಪ್ಪು. ಸೊಂಟಕ್ಕೆ ಸೂಜಿ ಹಾಕಿ ಮೆದುಳುನೀರು ತೆಗೆಯೋದು ಸುರಕ್ಷಿತ ಆಗಿದ್ದರೆ ಅದರಲ್ಲಿ ಇಬಿವಿ (ಎಪ್‌ಸ್ಟೈನ್-ಬಾರ್) ವೈರಸ್ಸಿನ ಗುರುತು ಹುಡುಕೋ ಪಿಸಿಆರ್ ಪರೀಕ್ಷೆ ನೋಡ್ತೀವಿ. ಎಚ್‌ಐವಿ ರೋಗಿಗಳ ಮೆದುಳಿನ ಲಿಂಫೋಮಾಕ್ಕೆ ಹೆಚ್ಚುಕಮ್ಮಿ ಪ್ರತಿಸಲವೂ ಆ ವೈರಸ್ಸಿನ ನಂಟು ಇರುತ್ತೆ. ಇಬಿವಿ ಪಾಸಿಟಿವ್, ಪೆಟ್ ಅಥವಾ ಥ್ಯಾಲಿಯಂನಲ್ಲೂ ಹೊಳಪು, ಎರಡೂ ಸೇರಿದರೆ ಲಿಂಫೋಮಾ ಅನ್ನೋ ಮಾತಿಗೆ ತುಂಬಾ ತೂಕ ಬರುತ್ತೆ. ತಲೆಯೊಳಗೆ ಒತ್ತಡ ಇದ್ದಾಗ ಸೊಂಟಕ್ಕೆ ಸೂಜಿ ಅಪಾಯ, ಅದಕ್ಕೇ ನಿಮ್ಮಲ್ಲಿ ಮಾಡಿರಲಿಕ್ಕಿಲ್ಲ.

ಅಕ್ಕನಿಗೆ ಇನ್ನೊಂದು ಮಾತು. ಮುಂದಿನ ಎಂಆರ್‌ಐ ಮಾಡಿಸುವಾಗ ಪರ್ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿ ಸೇರಿಸೋಕಾಗುತ್ತಾ ಕೇಳಿ. ಯಂತ್ರ ಅದೇ, ಸಮಯ ಸ್ವಲ್ಪ ಹೆಚ್ಚು. ಪರ್ಫ್ಯೂಷನ್ ಅಂದರೆ ಗಾಯಕ್ಕೆ ರಕ್ತ ಎಷ್ಟು ಹರೀತಿದೆ ಅಂತ ನೋಡೋದು: ಟಾಕ್ಸೊನಲ್ಲಿ ಕಡಿಮೆ, ಲಿಂಫೋಮಾದಲ್ಲಿ ಹೆಚ್ಚು. ಸ್ಪೆಕ್ಟ್ರೋಸ್ಕೋಪಿ ಅಂದರೆ ಗಾಯದೊಳಗಿನ ರಾಸಾಯನಿಕಗಳನ್ನು ಅಳೆಯೋದು: ಅದರಲ್ಲಿ ಕೋಲಿನ್ ಏರಿದ್ದರೆ ಗಡ್ಡೆ ಕಡೆಗೆ, ಲಿಪಿಡ್ ಲ್ಯಾಕ್ಟೇಟ್ ಮಾತ್ರ ಇದ್ದರೆ ಸೋಂಕು ಕಡೆಗೆ. ಕೊಳೆತ ಲಿಂಫೋಮಾದಲ್ಲೂ ಲಿಪಿಡ್ ಬರುತ್ತೆ, ಹಾಗಾಗಿ ಇದನ್ನೂ ತಲೆ ಮೇಲೆ ಹೊತ್ತುಕೊಳ್ಳಬೇಡಿ.

ಕತ್ತಲಕೋಣೆ

ಒಪ್ಪಿದೆ ಡಾಕ್ಟ್ರೇ. ನೀವು ಹೇಳಿದ ರೋಗಿಗೆ ಬೆಳಿಗ್ಗೆ ಮೊದಲ ಸ್ಲಾಟ್ ನಾನೇ ಕೊಡಿಸ್ತೀನಿ.

ಎಆರ್‌ಟಿ_ಕಾರಿಡಾರ್

ವಿಷಯ ಬೇರೆ, ಆದರೂ ಹೇಳಬೇಕು. ನನಗೆ ಸ್ಕ್ಯಾನ್ ಮಾಡಿಸಿದ ಕಡೆ ಫಿಲ್ಮ್ ಕವರ್ ಮೇಲೆ ಕೆಂಪು ಮಾರ್ಕರ್‌ನಲ್ಲಿ ದೊಡ್ಡದಾಗಿ "ಎಚ್‌ಐವಿ ಪಾಸಿಟಿವ್" ಅಂತ ಬರೆದಿದ್ರು. ಬಸ್ಸಲ್ಲಿ ಅದನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ, ಅಕ್ಷರ ಒಳಗಡೆ ಮಾಡಿ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ, ಹೀಗೆ ಊರಿಗೆಲ್ಲ ಸಾರೋ ಹಾಗಿಲ್ಲ. ಕವರ್ ಬದಲಿಸಿಕೊಡಿ ಅಂತ ಧೈರ್ಯವಾಗಿ ಕೇಳಿ. 1097 ಸಹಾಯವಾಣಿ ಇದೆ. ಮತ್ತೆ ಅಣ್ಣನಿಗೆ ಗುಳಿಗೆ ಬಿಟ್ಟಿದ್ದಕ್ಕೆ ಈಗ ಬೈಬೇಡಿ. ನಾನೂ ಒಂದು ವರ್ಷ ಬಿಟ್ಟಿದ್ದೆ.

ತಂಗಿ_ಹಾವೇರಿ ಕಡೆ

ಬೈದಿಲ್ರಿ. ಮೊದಲ ದಿನ ಬೈದೆ, ಸುಳ್ಳ್ಯಾಕ ಹೇಳಲಿ.

ಡೆಕ್ಸಾ ಕೇಳಿದ್ನಿ. ದೊಡ್ಡ ಡಾಕ್ಟರು ಕನ್ನಡಕದ ಮ್ಯಾಲಿಂದ ನೋಡಿ "ನಿಮಗ್ಯಾರು ಹೇಳಿದ್ರು" ಅಂದ್ರು. ಆಮ್ಯಾಲ ನಾಕನೇ ದಿನದಿಂದ ಇಳಿಸಿ ಆರನೇ ದಿನಕ್ಕ ನಿಲ್ಲಿಸಿದ್ರು. ನಿಲ್ಲಿಸಿದ ಮ್ಯಾಲ ಎರಡು ದಿನ ಕೈ ಮತ್ತ ಜಡ ಆತು. ನನ್ನ ಜೀವ ಬಾಯಿಗೆ ಬಂದಿತ್ತು. ಹತ್ತನೇ ದಿನ ಚಮಚ ಹಿಡದ.

ತಂಗಿ_ಹಾವೇರಿ ಕಡೆ

ಹದಿನೈದನೇ ದಿನದ ಸ್ಕ್ಯಾನ್ ಆತು. ಅದ ಯಂತ್ರದಾಗ, ಹಳೇ ಸಿಡಿ ಕೈಯಾಗ ಹಿಡದು ನಿಂತು ಮಾಡಿಸಿದ್ನಿ. ಪರ್ಫ್ಯೂಷನ್ ಅಲ್ಲಿ ಇಲ್ಲಂತ.

ಬೇಸಲ್ ಗ್ಯಾಂಗ್ಲಿಯಾದ್ದು 21 ಇದ್ದದ್ದು 12 ಆಗೇದ. ಫ್ರಾಂಟಲ್‌ದು ಅರ್ಧಕ್ಕ ಬಂದದ. ಬಲ ಪರೈಟಲ್‌ನ ಸಣ್ಣದು ಮಾತ್ರ ಹೆಂಗಿತ್ತೋ ಹಂಗ ಅದ, ಒಂದು ಮಿಲಿಮೀಟರ್ ಸರದಿಲ್ಲ. ರಿಪೋರ್ಟಿನಾಗ ಅದರ ನಡುಭಾಗ ಟಿ2ದಾಗ ಕಪ್ಪು ಅಂತ ಈ ಸಲ ಬರದಾರ. ಹೋದ ಸಲ ಬರದಿದ್ದಿಲ್ಲ. ಕತ್ತಲಕೋಣೆ ಸರ್, ಇದು ನೀವು ಹೇಳಿದ ಕಪ್ಪೇನು?

ಕತ್ತಲಕೋಣೆ

ಹೌದು, ನಾನು ಹೇಳಿದ ಕಪ್ಪು ಅದೇ. ಆದರೆ ಅದು ಟಿಬಿನೇ ಅಂತ ನಾನು ಇಲ್ಲಿ ಕೂತು ಹೇಳಲ್ಲ, ಬಾಯಿ ಸುಟ್ಟುಕೊಂಡವನು. ಒಬ್ಬನ ಮೆದುಳಲ್ಲೇ ಎರಡು ರೋಗ ಒಟ್ಟಿಗೆ ಇರೋದು ಸಿಡಿ4 ಇಷ್ಟು ಬಿದ್ದಾಗ ವಿಚಿತ್ರವೇನಲ್ಲ. ಡೆಕ್ಸಾ ನಿಂತು ಒಂಬತ್ತು ದಿನವಾದ ಮೇಲೂ ಎರಡು ಚಿಕ್ಕದಾಗಿವೆ ಅನ್ನೋದಕ್ಕೆ ಬೆಲೆ ಇದೆ. ಅದನ್ನು ಟಾಕ್ಸೊ ಔಷಧದ ಲೆಕ್ಕಕ್ಕೆ ಬರೀಬಹುದು. ಆ ಔಷಧ ಕನಿಷ್ಠ ಆರು ವಾರ ಪೂರ್ತಿ ನಡೆಯಬೇಕು, ಕೈ ಸರಿಹೋಯ್ತು ಅಂತ ನಡುವೆ ಬಿಡಬಾರದು. ಎದೆಯ ಎಕ್ಸ್‌ರೇ, ಕಫ ಪರೀಕ್ಷೆ ಆಗಿದೆಯಾ ಕೇಳಿ. ಟಿಬಿ ಬೇರೆಲ್ಲಾದರೂ ಸಿಕ್ಕಿಬಿಟ್ಟರೆ ತಲೆ ಮುಟ್ಟೋ ಅಗತ್ಯವೇ ಬೀಳದೆ ಇರಬಹುದು. ಎಆರ್‌ಟಿ ಯಾವಾಗ ಮತ್ತೆ ಶುರು ಅನ್ನೋದೂ ಇದರ ಮೇಲೇ ನಿಂತಿದೆ. ಮೆದುಳಲ್ಲಿ ಟಿಬಿ ಇದ್ದರೆ ಅವಸರ ಮಾಡಲ್ಲ. ಶುರು ಮಾಡಿದ ಮೇಲೆ ಶಕ್ತಿ ಮರಳಿ ಬರುವಾಗ ಉಂಗುರ ಒಮ್ಮೆ ದೊಡ್ಡದಾಗಿ ಕಾಣೋದೂ ಉಂಟು, ಆಗ ಗಾಬರಿಯಾಗಿ ಗುಳಿಗೆ ಬಿಟ್ಟುಬಿಡಬೇಡಿ.

ತಂಗಿ_ಹಾವೇರಿ ಕಡೆ

ಕಫ ನಾಳೆ ಮುಂಜಾನೆ ಕೊಡಬೇಕು, ಡಬ್ಬಿ ಕೊಟ್ಟಾರ. ಮೂರು ಉಂಗುರದಾಗ ಎರಡು ಸಣ್ಣ ಆಗ್ಯಾವ ಅಂತ ಅಣ್ಣಗ ಹೇಳಿದ್ನಿ. "ಮೂರನೇದು?" ಅಂದ. ಗೊತ್ತಿಲ್ಲ ಅಂದ್ನಿ. "ಹೋಗ್ಲಿ ಬಿಡು, ಗೊತ್ತಿಲ್ಲ ಅಂದ್ಯಲ್ಲ" ಅಂದು ಎಡಕ್ಕ ಹೊಳ್ಳಿ ಮಲಗ್ಯಾನ. ಕವರ್ ಬದಲಿಸಿಕೊಂಡು ಬಂದೀನಿ.